ಹಿಮ ಬೀಳುವ ಊರಲ್ಲಿ ದ್ರಾಕ್ಷಿ ಹಾಕಬಹುದಾ?

ಪ್ರಶ್ನೆ: ನಮ್ಮದು ವಿಜಯಪುರ ಕಡೆ ಊರು, ಮನೆಯಲ್ಲಿ ಥಾಮ್ಸನ್ ಸೀಡ್‌ಲೆಸ್ ತೋಟ ಇದೆ. ನಾನೀಗ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿದ್ದೇನೆ. ಹತ್ತಿರದ ಫಿಂಗರ್ ಲೇಕ್ಸ್ ಅನ್ನೋ ಸರೋವರಗಳ ಸೀಮೆಯಲ್ಲಿ ಎಲ್ಲಿ ನೋಡಿದರೂ ದ್ರಾಕ್ಷಿ ತೋಟ, ವೈನರಿ. ಇಷ್ಟು ಹಿಮದಲ್ಲಿ ಬಳ್ಳಿ ಹೇಗೆ ಉಳಿಯುತ್ತದೆ? ಹಿತ್ತಲಲ್ಲಿ ರೀಸ್ಲಿಂಗ್ ಅನ್ನೋ ಯುರೋಪಿನ ವೈನ್ ದ್ರಾಕ್ಷಿ ಹಾಕಿ ಮನೆಯಲ್ಲೇ ವೈನ್ ಮಾಡೋಣ ಅಂತಿದ್ದೇನೆ. ಸರಿನಾ?

ಉತ್ತರ: ದ್ರಾಕ್ಷಿ ಹಾಕಿ, ರೀಸ್ಲಿಂಗ್ ಮಾತ್ರ ಬೇಡ.

ನೀವು ನೋಡಿದ ತೋಟಗಳು ಎಲ್ಲಿವೆ ಅಂತ ಗಮನಿಸಿದ್ರಾ? ಹೆಚ್ಚಿನವು ಸರೋವರದ ಕಡೆಗೆ ಇಳಿಯುವ ಇಳಿಜಾರಿನಲ್ಲಿವೆ. ಅಲ್ಲಿ ಬಳ್ಳಿ ಕಾಯುವುದು ನೀರು. ಅಲ್ಲಿನ ಸೆನೆಕಾ ಸರೋವರ 180 ಮೀಟರಿಗಿಂತ ಜಾಸ್ತಿ ಆಳ, ಬೇಸಿಗೆಯಲ್ಲಿ ಕುಡಿದ ಬಿಸಿಯನ್ನು ಚಳಿಗಾಲದುದ್ದಕ್ಕೂ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗುತ್ತದೆ, ಪೂರ್ತಿ ಹೆಪ್ಪುಗಟ್ಟುವುದು ತೀರಾ ಅಪರೂಪ. ಚಳಿ ಕಳೆದ ಮೇಲೆ ಅದೇ ನೀರು ಉಲ್ಟಾ ಕೆಲಸ ಮಾಡುತ್ತದೆ. ಇನ್ನೂ ತಣ್ಣಗಿರುವುದರಿಂದ ಚಿಗುರು ತಡವಾಗುತ್ತದೆ, ಕೊನೆಯ ಫ್ರಾಸ್ಟ್ (ಚಿಗುರು ಸುಡುವ ರಾತ್ರಿ ಚಳಿ) ಅಷ್ಟರಲ್ಲಿ ಬಂದು ಹೋಗಿರುತ್ತದೆ. ತಣ್ಣನೆ ಗಾಳಿ ನೀರಿನ ಹಾಗೇ ತಗ್ಗಿಗೆ ಹರಿಯುತ್ತದೆ, ಅದಕ್ಕೇ ಇಳಿಜಾರು. ಇಷ್ಟೆಲ್ಲ ಇದ್ದೂ 2023ರ ಮೇ ತಿಂಗಳ ಫ್ರಾಸ್ಟ್ ಒಂದೇ ರಾತ್ರಿಯಲ್ಲಿ ಬಹಳ ತೋಟಗಳ ಚಿಗುರು ಸುಟ್ಟುಬಿಟ್ಟಿತು. ನಿಮ್ಮ ಹಿತ್ತಲಿಗೆ ಸೆನೆಕಾ ಇಲ್ಲ, ಅಲ್ವಾ?

ಅಲ್ಲಿಯವರೂ ಮೊದಲು ಯುರೋಪಿನ ತಳಿ ಈ ಚಳಿಗೆ ಬದುಕೋದಿಲ್ಲ ಅಂತಲೇ ನಂಬಿದ್ದರು. ಉಕ್ರೇನಿನಲ್ಲಿ ಹುಟ್ಟಿ 1951ರಲ್ಲಿ ಅಮೆರಿಕಕ್ಕೆ ಬಂದ ಕಾನ್‌ಸ್ಟಂಟಿನ್ ಫ್ರಾಂಕ್ ಮಾತ್ರ ಒಪ್ಪಲಿಲ್ಲ. ಚಳಿ ತಡೆಯುವ ಬೇರಿಗೆ ಕಸಿ ಕಟ್ಟಿದರೆ ಬದುಕುತ್ತದೆ ಅಂತ ಹಟ ಹಿಡಿದು ಬೆಳೆದೇ ತೋರಿಸಿದರು, 1962ರಲ್ಲಿ ಕ್ಯೂಕಾ ಸರೋವರದ ಬಳಿ ಸ್ವಂತ ವೈನರಿಯನ್ನೂ ಶುರು ಮಾಡಿದರು. ಇವತ್ತಿಗೂ ಚಳಿಗಾಲಕ್ಕೆ ಮುಂಚೆ ಕಸಿ ಗಂಟು ಮುಚ್ಚುವ ಹಾಗೆ ಬುಡಕ್ಕೆ ಮಣ್ಣು ಏರಿಸುತ್ತಾರೆ, ಹಿಮ ಕರಗಿದ ಮೇಲೆ ಬಿಡಿಸುತ್ತಾರೆ. ಪ್ರತಿ ವರ್ಷ. ನಾಲ್ಕು ಬಳ್ಳಿಗೆ ನಿಮಗೆ ಇಷ್ಟು ಪುರುಸೊತ್ತು ಇದೆಯಾ?

ಅದಕ್ಕೆ ನನ್ನ ಸಲಹೆ ಕೆಯುಗಾ ವೈಟ್. ನ್ಯೂಯಾರ್ಕ್ ರಾಜ್ಯದ್ದೇ ಆದ ಜಿನೀವಾ ಊರಿನ ಸಂಶೋಧನಾ ಕೇಂದ್ರದಲ್ಲಿ ತಯಾರಾಗಿ 1972ರಲ್ಲಿ ಹೊರಬಂದ ಮಿಶ್ರ ತಳಿ. ಮಿನೆಸೋಟದ ಮಾರ್ಕೆಟ್ (Marquette) ಅನ್ನೋ ತಳಿ ಚಳಿಗೆ ಇನ್ನೂ ಗಟ್ಟಿ, ಆದರೆ ಬೇಗ ಚಿಗುರಿ ಫ್ರಾಸ್ಟಿಗೆ ಸಿಕ್ಕಿಕೊಳ್ಳುತ್ತದೆ. ಥಾಮ್ಸನ್ ಆಸೆ ಬಿಟ್ಟುಬಿಡಿ.

ಇನ್ನು ಚಾಟ್ನಿ, ಅಂದರೆ ಬಳ್ಳಿ ಸವರುವುದು. ನಿಮ್ಮೂರಲ್ಲಿ ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು, ಬಳ್ಳಿಗೆ ನಿದ್ದೆ ಅನ್ನೋದೇ ಇಲ್ಲ. ಇಲ್ಲಿ ವರ್ಷಕ್ಕೆ ಒಂದೇ. ಅಕ್ಟೋಬರ್ ಬಂದಾಗ ಕೈ ತುರಿಸುತ್ತದೆ, ಆದರೂ ಕತ್ತರಿ ಮುಟ್ಟಬೇಡಿ, ಮಾರ್ಚ್‌ವರೆಗೆ ಕಾಯಿರಿ. ಆಗಲೂ ಮೊದಲು ಹತ್ತಿಪ್ಪತ್ತು ಕಣ್ಣು (ಚಿಗುರು ಹೊರಡುವ ಗಂಟು) ಕಿತ್ತು ಬ್ಲೇಡಿನಲ್ಲಿ ಅಡ್ಡ ಕೊಯ್ದು ನೋಡಿ. ಒಂದೊಂದು ಕಣ್ಣಿನೊಳಗೆ ಮೂರು ಮೊಗ್ಗು ಇರುತ್ತವೆ, ಬೆಳೆ ಜಾಸ್ತಿ ಬರುವುದು ನಡುವಿನದರಿಂದ. ಅದು ಹಸಿರಾಗಿದ್ದರೆ ಜೀವ ಇದೆ, ಕಂದು ಬಣ್ಣಕ್ಕೆ ತಿರುಗಿದ್ದರೆ ಚಳಿಗೆ ಹೋಗಿದೆ. ಅರ್ಧ ಸತ್ತಿದ್ದರೆ ಎರಡು ಪಟ್ಟು ಕಣ್ಣು ಬಿಟ್ಟು ಕತ್ತರಿಸಿ. ಅಂದಾಜಿನ ಮೇಲೆ ಸವರಿ, ಆಮೇಲೆ ಬೋಳು ಬಳ್ಳಿ ನೋಡುತ್ತಾ ಕೂತವನು ನಾನು.

ವೈನ್ ಬಗ್ಗೆ ಒಂದೇ ಮಾತು: ಇಲ್ಲಿನ ತಂಪಿಗೆ ಹಣ್ಣಿನಲ್ಲಿ ಹುಳಿ ಉಳಿದುಬಿಡುತ್ತದೆ, ಸಕ್ಕರೆ ನಿಧಾನವಾಗಿ ಏರುತ್ತದೆ. ಬಣ್ಣ ಬಂತು ಅಂತ ಕೀಳಬೇಡಿ, ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರಿನಲ್ಲಿ ನೋಡಿ, ಬಾಯಿಗೂ ಹಾಕಿ ನೋಡಿ. ಮನೆಯಲ್ಲಿ ಇಬ್ಬರು ದೊಡ್ಡವರಿದ್ದರೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಮಾಡಲು ಅಮೆರಿಕದ ಕೇಂದ್ರ ಕಾನೂನು ಬಿಡುತ್ತದೆ, ಮಾರುವ ಹಾಗಿಲ್ಲ.

ಪ್ರಶ್ನೆ: ಇಲ್ಲಿನ ಕಾಂಕರ್ಡ್ ದ್ರಾಕ್ಷಿ ರಸ ಕುಡಿದರೆ ಬೆಂಗಳೂರಿನ ಕಪ್ಪು ದ್ರಾಕ್ಷಿಯದೇ ವಾಸನೆ. ಸುಮ್ನೆ ನನ್ನ ಭ್ರಮೆಯಾ?

ಉತ್ತರ: ಭ್ರಮೆ ಅಲ್ಲ, ನಿಮ್ಮ ಮೂಗು ಚೆನ್ನಾಗಿದೆ. ನಂದಿ ಬೆಟ್ಟದ ಸುತ್ತ ಚಪ್ಪರದ ಮೇಲೆ ಬೆಳೆಯುವ ಬೆಂಗಳೂರು ಬ್ಲೂ ಮತ್ತು ಕಾಂಕರ್ಡ್ ಎರಡರಲ್ಲೂ ಅಮೆರಿಕದ ಕಾಡು ದ್ರಾಕ್ಷಿ ಲ್ಯಾಬ್ರುಸ್ಕಾದ ರಕ್ತ ಇದೆ. ಹಿಸುಕಿದರೆ ಸಿಪ್ಪೆ ಬಿಟ್ಟು ತಿರುಳು ಪುಳಕ್ಕನೆ ಹೊರಗೆ ಬರುವುದೂ ಅದೇ ಕಾರಣಕ್ಕೆ. ವೈನ್ ಪಂಡಿತರು ಈ ವಾಸನೆಗೆ ಮೂಗು ಮುರಿಯುತ್ತಾರೆ. ನನಗಂತೂ ಇಷ್ಟ, ಅದರಲ್ಲೂ ಜಾಮ್ ಮಾಡಿದರೆ.