ನಗಿಸಿದರೆ ದುಡ್ಡು ಬರುತ್ತಾ?

ಪ್ರಶ್ನೆ: ಮಗ ಕೆಲಸದ ಜೊತೆ ಕನ್ನಡದಲ್ಲಿ ಸ್ಟ್ಯಾಂಡಪ್ ಕಾಮಿಡಿ ಮಾಡುತ್ತಾನೆ. ಕೆಲಸ ಬಿಟ್ಟು ಯೂಟ್ಯೂಬ್ ನಂಬುತ್ತೇನೆ ಅನ್ನುತ್ತಾನೆ. ಏನು ಹೇಳಲಿ?
– ಒಬ್ಬ ತಾಯಿ, ಗಿರಿನಗರ

ಉತ್ತರ: ಸದ್ಯಕ್ಕೆ ಕೆಲಸ ಬಿಡಬೇಡ ಅನ್ನಿ, ಮೇಡಂ. ಜಾಹೀರಾತಿನ ಪಾಲು ಸಿಗಲು ಚಾನೆಲ್‌ಗೆ 1,000 ಚಂದಾದಾರರು ಬೇಕು. ಜೊತೆಗೆ 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು. ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ, ಅಂದರೆ ಚುಟುಕು ವಿಡಿಯೊಗಳಿಗೆ, 1 ಕೋಟಿ ವೀಕ್ಷಣೆ ಬರಬೇಕು. ಸುಮ್ನೆ ಮಾತಲ್ಲ, ಅಲ್ವಾ?

ನಾನು ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಹಾಸ್ಯಸಂಜೆ ಏರ್ಪಡಿಸುವವನು. ಮೊದಲೆಲ್ಲ ಲೆಕ್ಕ ಸುಲಭವಿತ್ತು. ಸಂಘ ಕರೆಯುತ್ತಿತ್ತು, ಕವರ್‌ನಲ್ಲಿ ಸಂಭಾವನೆ, ಜನಕ್ಕೆ ಪುಕ್ಕಟೆ. ಒಂದೇ ಜೋಕು ಊರೂರಲ್ಲಿ ನಡೆಯುತ್ತಿತ್ತು. ಈಗ ಅದು ಯೂಟ್ಯೂಬ್‌ಗೆ ಹೋಯಿತೋ, ಮುಂದಿನ ಸಾಲಿನ ಹುಡುಗರೇ ಪಂಚ್ ಹೇಳಿಬಿಡುತ್ತಾರೆ! ಅದಕ್ಕೇ ಜಾಣರು ಪ್ರೇಕ್ಷಕರನ್ನು ಕೆಣಕಿದ ತುಣುಕನ್ನಷ್ಟೇ ರೀಲ್ಸ್‌ಗೆ ಬಿಡುತ್ತಾರೆ. ಬರೆದ ಜೋಕು ಟಿಕೆಟ್ ಕೊಂಡವರಿಗೆ. ಅಂದರೆ ವಿಡಿಯೊ ಅನ್ನೋದು ಭಿತ್ತಿಪತ್ರ, ಗಳಿಕೆ ಟಿಕೆಟ್ಟಿನಲ್ಲಿ, ಇನ್ನೂ ಜಾಸ್ತಿ ಕಂಪನಿಗಳ ಕಾರ್ಯಕ್ರಮದಲ್ಲಿ.

ಇಂದಿರಾನಗರ, ಕೋರಮಂಗಲದ ಓಪನ್ ಮೈಕ್‌ಗಳಲ್ಲಿ (ಹೊಸಬರೂ ವೇದಿಕೆ ಹತ್ತಿ ಜೋಕು ಪರೀಕ್ಷಿಸುವ ಕಾರ್ಯಕ್ರಮ) ಸಾಮಾನ್ಯವಾಗಿ ಬಿಡಿಗಾಸೂ ಸಿಗುವುದಿಲ್ಲ. ಆದರೂ ಮಗ ಅಲ್ಲಿಗೆ ಹೋಗಲಿ. ಯಾವ ಜೋಕು ಬಿದ್ದುಹೋಗುತ್ತದೆ ಅಂತ ಅಲ್ಲೇ ಗೊತ್ತಾಗೋದು. ಟಿಕೆಟ್ ಇಟ್ಟು ಅರ್ಧ ಗಂಟೆ ಒಬ್ಬನೇ ನಿಲ್ಲುವಷ್ಟು ಸರಕು ಆದಮೇಲೆ ರಾಜೀನಾಮೆಯ ಮಾತು ತೆಗೆಯಲಿ.