ಹಳೆ ಮನೆಗೆ ಹೊಸ ಎಂಸಿಬಿ ಬೋರ್ಡ್ ಹಾಕುವಾಗ ಹಳೆ ವಯರಿಂಗ್ ಇಟ್ಟುಕೊಳ್ಳಬಹುದಾ?

ಉಡುಪಿ ಹತ್ತಿರ ಅಜ್ಜನ ಕಾಲದ ಹೆಂಚಿನ ಮನೆ, ಹಳೆ ಫ್ಯೂಸ್ ಬೋರ್ಡ್ ತೆಗೆದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಬೇಕು, ಒಬ್ಬ ಎಲೆಕ್ಟ್ರಿಷಿಯನ್ ಇದ್ದ ವಯರೇ ಸಾಕು ಅಂತಾರೆ, ಇನ್ನೊಬ್ಬರು ಎಲ್ಲ ಕಿತ್ತು ಹೊಸದು ಹಾಕಿ ಅಂತಾರೆ, ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ಇಬ್ಬರು ಹೇಳಿದ್ದೂ ಸರಿ ಇರಬಹುದು. ಅಂಥ ಮನೆಯಲ್ಲಿ ಒಂದೇ ಥರದ ವಯರ್ ಇರುವುದೇ ಇಲ್ಲ.

ನಾನು ಮಂಗಳೂರಿನಲ್ಲಿ 20 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲು ವಯರ್ ಯಾವುದು ಅಂತ ನೋಡಿ. ಚಾವಡಿಯಲ್ಲಿ ಮರದ ಪಟ್ಟಿ ಮೇಲೆ ಕ್ಲಿಪ್ ಹೊಡೆದು ಎಳೆದ ಕಪ್ಪು ವಯರ್ ಇದ್ದರೆ ಅದು ಹೆಚ್ಚಾಗಿ ರಬ್ಬರಿನದ್ದು. ಆಮೇಲೆ ಕಟ್ಟಿದ ಅಡುಗೆಮನೆ, ಬಚ್ಚಲಿನ ಕಡೆ ಪೈಪಿನೊಳಗೆ ಪಿವಿಸಿ ತಾಮ್ರದ ವಯರ್ ಇರುತ್ತದೆ. ಈ ಪಿವಿಸಿ ಟೆಸ್ಟಿನಲ್ಲಿ ಪಾಸಾದರೆ ಇಟ್ಟುಕೊಳ್ಳಿ, ಸುಮ್ನೆ ದುಡ್ಡು ಹಾಳು ಮಾಡಬೇಡಿ.

ರಬ್ಬರಿನದ್ದು ಮಾತ್ರ ಬೇಡವೇ ಬೇಡ. ಅದನ್ನು ಮುಟ್ಟದೆ ಬಿಟ್ಟರೆ ಇನ್ನೂ ಕೆಲವು ವರ್ಷ ಲೈಟ್ ಉರಿಯಬಹುದು, ಆದರೆ ಬೋರ್ಡ್ ಬದಲಿಸುವಾಗ ಮುಟ್ಟದೆ ಆಗುವುದಿಲ್ಲ ಅಲ್ವಾ? ಮಣ್ಣಗುಡ್ಡೆಯ ಒಂದು ಮನೆಯಲ್ಲಿ ಯಜಮಾನರು ಹಟ ಮಾಡಿದರು ಅಂತ ನಾನು ಹಳೆ ವಯರನ್ನೇ ಹೊಸ ಬಾಕ್ಸಿನ ತೂತಿಗೆ ತೂರಿಸಲು ಹೋದೆ. ಸ್ವಲ್ಪ ಬಗ್ಗಿಸಿದ್ದೇ ತಡ, ರಬ್ಬರ್ ಹಪ್ಪಳದ ಹಾಗೆ ಒಡೆದು ಕೈಗೆ ಕಪ್ಪು ಪುಡಿ ಬಂತು, ಒಂದು ಗೇಣು ಉದ್ದಕ್ಕೆ ಬರೀ ತಂತಿ. ಅಟ್ಟ ಹತ್ತಿ ನೋಡಿದರೆ ಮುಚ್ಚಿಗೆ ಮೇಲೆ ಇಲಿ ಕಡಿದ ಜಾಗ ಬೇರೆ. ಹೆಂಚು ಸೋರಿ ಆ ಮರ ಒದ್ದೆಯಾದರೆ ಏನಾಗುತ್ತದೆ ಅಂತ ನಾನು ಹೇಳುವುದೇ ಬೇಡ.

ಇನ್ನೊಂದು ಮಾತು. ತಂತಿ ಬೆಳ್ಳಿ ಬಣ್ಣ ಇದೆ ಅಂತ ಅಲ್ಯೂಮಿನಿಯಂ ಅಂದುಕೊಳ್ಳಬೇಡಿ. ರಬ್ಬರಿನಲ್ಲಿರುವ ಗಂಧಕ ತಾಮ್ರವನ್ನು ತಿನ್ನಬಾರದು ಅಂತ ಆಗ ತಾಮ್ರಕ್ಕೆ ತವರ ಲೇಪಿಸುತ್ತಿದ್ದರು. ಮೈನ್ ಆಫ್ ಮಾಡಿದ ಮೇಲೆ ಚಾಕುವಿನಿಂದ ಕೆರೆದು ನೋಡಿ: ಕೆಂಪು ಕಂಡರೆ ತಾಮ್ರ, ಬಿಳಿಯೇ ಉಳಿದರೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಆದರೆ ಸ್ಕ್ರೂ ಕೆಳಗೆ ವರ್ಷ ಕಳೆದ ಹಾಗೆ ಸಡಿಲವಾಗಿ ಬಿಸಿಯಾಗುತ್ತದೆ, ಅದನ್ನೂ ಬದಲಿಸಿ.

ಇನ್ನು ಟೆಸ್ಟ್ ಅಂದರೆ ಮೆಗ್ಗರ್, ವಯರಿನ ಹೊದಿಕೆಯಿಂದ ಕರೆಂಟ್ ಸೋರುತ್ತದೆಯಾ ಅಂತ ಅಳೆಯುವ ಉಪಕರಣ. ಟೆಸ್ಟರ್ ಹಚ್ಚಿ ಲೈಟ್ ಬಂತು ಅಂದರೆ ಟೆಸ್ಟ್ ಅಲ್ಲ ಮಾರಾಯ್ರೆ. ಮೈನ್ ಆಫ್ ಮಾಡಿ, ಫ್ರಿಜ್, ಟಿವಿ, ಇನ್ವರ್ಟರ್ ಎಲ್ಲ ಬಿಡಿಸಿ, ಬಲ್ಬ್ ತೆಗೆದು, ಪ್ರತಿ ಲೈನಿನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬೋರ್ಡಿನಿಂದ ಕಳಚಿ, 500 ವೋಲ್ಟ್ ಮೆಗ್ಗರ್‌ನಲ್ಲಿ ಅರ್ಥಿಗೆ ನೋಡಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದ ಲೈನ್ ನಾನು ಹೊಸ ಬೋರ್ಡಿಗೆ ಹಾಕುವುದಿಲ್ಲ. ಸಾಧ್ಯ ಇದ್ದರೆ ಮಳೆಗಾಲದಲ್ಲೇ ಮಾಡಿಸಿ. ಮಾರ್ಚ್‌ನಲ್ಲಿ ಚೆನ್ನಾಗಿ ತೋರಿಸಿದ ಲೈನ್ ಜುಲೈಯಲ್ಲಿ ಕೈ ಕೊಟ್ಟದ್ದು ನಾನು ಬೇಕಾದಷ್ಟು ನೋಡಿದ್ದೇನೆ.

ಎಂಸಿಬಿ ಸೈಜಿನಲ್ಲಿ ನಮ್ಮವರು ಮಾಡುವ ತಪ್ಪು ಒಂದೇ, ಟ್ರಿಪ್ ಆಗುತ್ತದೆ ಅಂತ ದೊಡ್ಡದು ಹಾಕುವುದು. ಹಿಂದೆ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಂತಿ ಸುತ್ತುತ್ತಿದ್ದರಲ್ಲ, ಅದೇ ಬುದ್ಧಿ. ಎಂಸಿಬಿ ಇರುವುದು ಮಿಕ್ಸಿ ಉಳಿಸಲಿಕ್ಕೆ ಅಲ್ಲ, ಗೋಡೆಯೊಳಗಿನ ವಯರ್ ಸುಡದ ಹಾಗೆ ನೋಡಲಿಕ್ಕೆ. ಲೈಟಿನ ಲೈನಿಗೆ 6 ಆಂಪ್ಸ್, 2.5 ಸ್ಕ್ವೇರ್ ಎಂಎಂ ಇರುವ ಪ್ಲಗ್ ಲೈನಿಗೆ 16. ಹಳೆ 1.5 ವಯರಿಗೆ 32 ಹಾಕಿಕೊಟ್ಟವರನ್ನು ಇನ್ನೊಮ್ಮೆ ಮನೆಗೆ ಕರೆಯಬೇಡಿ.

ಈಗ ಆರ್‌ಸಿಸಿಬಿ, ಅಂದರೆ ಫೇಸಿನಲ್ಲಿ ಹೋದ ಕರೆಂಟ್ ತನ್ನ ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬರದಿದ್ದರೆ ಬೀಳುವ ಸ್ವಿಚ್. 30 ಮಿಲಿಆಂಪ್‌ನದ್ದು ಹಾಕಲೇಬೇಕು, ಹಾಕಿದ ದಿನವೇ ಟ್ರಿಪ್ ಆಗುವುದಕ್ಕೂ ತಯಾರಿರಿ. ಹಳೆ ಮನೆಗಳಲ್ಲಿ ಒಂದು ಕೋಣೆಯ ನ್ಯೂಟ್ರಲನ್ನು ಪಕ್ಕದ ಕೋಣೆಗೂ ಎಳೆದಿರುತ್ತಾರೆ. ಎರಡು ಆರ್‌ಸಿಸಿಬಿ ಹಾಕಿ ಆ ಎರಡು ಕೋಣೆಯ ಫೇಸ್ ಬೇರೆ ಬೇರೆ ಕಡೆ ಕೊಟ್ಟರೆ ಲೈಟ್ ಹಾಕಿದ ಕೂಡಲೇ ಟಕ್ ಅಂತ ಬೀಳುತ್ತದೆ. ಅದು ಆರ್‌ಸಿಸಿಬಿಯ ದೋಷ ಅಲ್ಲ.

ಅದಕ್ಕಿಂತ ಕೆಟ್ಟದ್ದು ಒಂದುಂಟು. ಅರ್ಥ್ ವಯರೇ ಇಲ್ಲದ ಮನೆಯಲ್ಲಿ ಮೂರು ಪಿನ್ ಸಾಕೆಟ್ ಹಾಕಿ, ಅರ್ಥ್ ಪಿನ್ನಿನಿಂದ ನ್ಯೂಟ್ರಲ್‌ಗೆ ಎರಡು ಇಂಚಿನ ತುಂಡು ವಯರ್ ಕೊಟ್ಟಿರುತ್ತಾರೆ. ಹೊರಗಿಂದ ಎಲ್ಲ ಸರಿ ಕಾಣುತ್ತದೆ. ಎಲ್ಲೋ ಆ ನ್ಯೂಟ್ರಲ್ ತುಂಡಾದ ದಿನ ಫ್ರಿಜ್ಜಿನ ಮೈಗೇ 230 ವೋಲ್ಟ್. ಅದಕ್ಕೇ ಹಳೆ ವಯರ್ ಇಟ್ಟುಕೊಳ್ಳುವುದಾದರೆ ಒಂದೊಂದು ಸಾಕೆಟ್ ಬಿಚ್ಚಿಯೇ ನೋಡಬೇಕು, ಇದಕ್ಕೆ ಒಂದು ದಿನದ ಕೂಲಿ ಜಾಸ್ತಿ ಆದರೂ ಆಗಲಿ. ಅರ್ಥ್ ಇಲ್ಲದಿದ್ದರೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ ನಿಜ, ಆದರೆ ಆಗ ಅದು ಬೀಳುವುದು ಯಾರಾದರೂ ಮುಟ್ಟಿ ಶಾಕ್ ಹೊಡೆದ ಮೇಲೆ. ಆದ್ದರಿಂದ ಹೊಸ ಅರ್ಥ್ ಗುಂಡಿ ತೆಗೆಸಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ, ಬಾವಿಕಟ್ಟೆಯ ನೀರು ಹರಿಯುವ ಕಡೆ ಸಿಕ್ಕಿದರೆ ಒಳ್ಳೆಯದು.

ಮೈನ್ ಸ್ವಿಚ್ ಆಫ್ ಮಾಡಿದರೂ ಅದಕ್ಕೆ ಮೀಟರಿನಿಂದ ಬರುವ ವಯರಿನಲ್ಲಿ ಕರೆಂಟ್ ಇರುತ್ತದೆ. ಮೀಟರಿನ ಸೀಲ್ ಮುಟ್ಟಬೇಡಿ. ಲೈಸೆನ್ಸ್ ಇರುವವರಿಂದ ಮೆಸ್ಕಾಂ ಸೆಕ್ಷನ್ ಆಫೀಸಿಗೆ ಹೇಳಿಸಿ, ಸಪ್ಲೈ ತೆಗೆಸಿಯೇ ಕೆಲಸ ಶುರು ಮಾಡಿಸಿ.

ದುಡ್ಡು ಒಟ್ಟಿಗೆ ಹೊಂದದಿದ್ದರೆ ಈ ವರ್ಷ ಬೋರ್ಡ್, ಅರ್ಥಿಂಗ್, ಬಚ್ಚಲಿನ ಗೀಸರ್ ಲೈನ್, ಬಾವಿ ಪಂಪಿನ ಲೈನ್ ಮತ್ತು ಆ ರಬ್ಬರ್ ವಯರ್ ಇರುವಷ್ಟು ಜಾಗ ಮಾಡಿಸಿ. ಪೈಪಿನೊಳಗಿನ ಪಿವಿಸಿ ಮುಂದೆ ನೋಡಿಕೊಳ್ಳಬಹುದು. ಬೋರ್ಡಿನಲ್ಲಿ ಎರಡು ಮೂರು ಖಾಲಿ ಜಾಗ ಬಿಡಲು ಹೇಳಿ, ನಾಳೆ ಎಸಿ ಹಾಕುವಾಗ ಬೇಕಾಗುತ್ತದೆ. ನಿಮ್ಮ ಆ ಇಬ್ಬರು ಎಲೆಕ್ಟ್ರಿಷಿಯನ್‌ಗಳಲ್ಲಿ ಮೆಗ್ಗರ್ ಯಾರ ಹತ್ತಿರ ಇದೆ ಅಂತ ಕೇಳಿ ನೋಡಿ, ಅವರಿಗೇ ಕೆಲಸ ಕೊಡಿ.