ದೊಡ್ಡಪ್ಪನ ಕೊಟ್ಟಿಗೆಯಲ್ಲಿ ನಿಂತಿರುವ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಭಾನುವಾರಗಳಲ್ಲಿ ರೆಡಿ ಮಾಡಬಹುದಾ?

ಮಾಡಬಹುದು. ಆದರೆ ಈ ಭಾನುವಾರವೇ ಸ್ಪ್ಯಾನರ್ ಹಿಡಿದುಕೊಂಡು ಹೊರಡಬೇಡಿ.

ನೀವು ಬರೆದದ್ದರ ಸಾರ ಇಷ್ಟು. ಹಿರಿಯೂರಿನ ಹತ್ತಿರದ ಹಳ್ಳಿಯಲ್ಲಿ, ದನದ ಕೊಟ್ಟಿಗೆಯೊಳಗೆ 1970ರ ನಾಲ್ಕು ಬಾಗಿಲಿನ ಹೆರಾಲ್ಡ್ ಇಪ್ಪತ್ತೈದು ವರ್ಷದಿಂದ ನಿಂತಿದೆ. ದೊಡ್ಡಪ್ಪ ಈಗಿಲ್ಲ. ಗುಜರಿಯವನು 18 ಸಾವಿರಕ್ಕೆ ಕೇಳುತ್ತಿದ್ದಾನೆ, ನಿಮಗೆ ಕೊಡಲು ಮನಸ್ಸಿಲ್ಲ. ಎಷ್ಟು ಖರ್ಚಾಗುತ್ತೆ, ಈ ಕಡೆ ಈ ಕೆಲಸ ಬಲ್ಲವರು ಯಾರಾದರೂ ಇದ್ದಾರಾ ಎಂದು ಕೇಳಿದ್ದೀರಿ.

ನಾನು ದಾವಣಗೆರೆಯವನು. ಎಲೆಕ್ಟ್ರಿಕಲ್ ಅಂಗಡಿ ಇದೆ. ಮೆಕ್ಯಾನಿಕ್ ಅಲ್ಲ. 1967ರ ಎರಡು ಬಾಗಿಲಿನ ಹೆರಾಲ್ಡ್ ಒಂದನ್ನು ನಾಲ್ಕೂವರೆ ವರ್ಷ ಹಿಡಿದು ಓಡುವ ಹಾಗೆ ಮಾಡಿದ್ದೇನೆ. ಆರು ತಿಂಗಳಲ್ಲಿ ಮುಗಿಯುತ್ತೆ ಅಂದುಕೊಂಡೇ ಶುರು ಮಾಡಿದ್ದೆ.

ಮೊದಲ ಕೆಲಸ ಕೊಟ್ಟಿಗೆಯಲ್ಲಲ್ಲ, ದೊಡ್ಡಪ್ಪನ ಟ್ರಂಕಿನಲ್ಲಿ. ಆರ್‌ಸಿ ಪುಸ್ತಕ ಹುಡುಕಿ. 1970 ಅಂದರೆ ಇನ್ನೂ ಮೈಸೂರು ರಾಜ್ಯದ ಕಾಲ, ಈಗಿನ ಕೆಎ ನಂಬರ್ ಇರುವುದಿಲ್ಲ. ಅಂಥ ಹಳೇ ಗಾಡಿಗಳು ಎಷ್ಟೋ ಸಲ ಆರ್‌ಟಿಒ ಕಂಪ್ಯೂಟರಿಗೆ ಏರಿಯೇ ಇರುವುದಿಲ್ಲ, ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ಮಾಡಿಸಬೇಕು. ಯಜಮಾನರು ತೀರಿಕೊಂಡಿರುವುದರಿಂದ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗ ಆಗಬೇಕು. ಅದಕ್ಕೆ ದೊಡ್ಡಮ್ಮ, ಅಣ್ಣತಮ್ಮಂದಿರು ಎಲ್ಲರ ಸಹಿ ಬೇಕಾಗುತ್ತೆ. ಈಗಲೇ ಮಾಡಿಸಿಕೊಳ್ಳಿ. ಗುಜರಿ ಬೆಲೆಯ ಕಾರಿಗೆ ಎಲ್ಲರೂ ನಗುತ್ತಾ ಸಹಿ ಹಾಕುತ್ತಾರೆ. ಪಾಲಿಶ್ ಹೊಡೆದು ಅಂಗಳದಲ್ಲಿ ನಿಲ್ಲಿಸಿದ ಮೇಲೆ ಪಾಲಿನ ಮಾತು ಬರುತ್ತೆ. ಇದು ಕಾರಿನ ವಿಷಯವಲ್ಲ, ಆದರೂ ಹೇಳಿದೆ.

ವಿಂಟೇಜ್ ನಂಬರ್ ಬಗ್ಗೆಯೂ ಕೇಳಿದ್ದೀರಿ. ಶೋಕಿಯವರ ಲೆಕ್ಕದಲ್ಲಿ ವಿಂಟೇಜ್ ಅಂದರೆ 1919ರಿಂದ 1930ರವರೆಗಿನ ಕಾರುಗಳು, ನಮ್ಮಂಥವು ಕ್ಲಾಸಿಕ್. ಸರ್ಕಾರದ ಲೆಕ್ಕ ಬೇರೆ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ (ಕಾರಿನ ಕೆಳಗಿನ ಉಕ್ಕಿನ ಚೌಕಟ್ಟು), ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಂಬರಿನಲ್ಲಿ 'ವಿಎ' ಅಂತ ಬರುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತೆ. ಆದರೆ ದಿನಾ ಓಡಿಸುವ ಹಾಗಿಲ್ಲ. ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಅಷ್ಟೇ. ಬಾಡಿಗೆಗಂತೂ ಕೊಡುವ ಹಾಗೇ ಇಲ್ಲ. ಕಾರು ಹೊಳೆಯಲು ಶುರುವಾದ ದಿನದಿಂದ ಚಿತ್ರದುರ್ಗದ ಗಾಳಿಗಿರಣಿ ಗುಡ್ಡಕ್ಕೆ ಪ್ರೀ-ವೆಡ್ಡಿಂಗ್ ಫೋಟೋಗೆ ಕೊಡ್ತೀರಾ ಅಂತ ಫೋನ್ ಬರುತ್ತವೆ, ಅದಕ್ಕೇ ಹೇಳಿದೆ. ನಿಮ್ಮ ಹಳೇ ಆರ್‌ಸಿ ಇನ್ನೂ ನವೀಕರಿಸಲು ಬರುವಂತಿದ್ದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಅದನ್ನೇ ಉಳಿಸಿಕೊಳ್ಳಿ. ನಾನು ಹಾಗೇ ಮಾಡಿದ್ದು. ಬೆಳಿಗ್ಗೆ ಎದ್ದು ಬೆಣ್ಣೆ ದೋಸೆ ತಿನ್ನಲು ಅದರಲ್ಲಿ ಹೋಗಲು ಆಗಲಿಲ್ಲ ಅಂದರೆ ಇಷ್ಟೆಲ್ಲ ಒದ್ದಾಡಿ ಏನು ಬಂತು?

ಈಗ ಕಾರು. ನಮ್ಮ ಒಣ ಸೀಮೆಯಲ್ಲಿ ತಗಡು ಮಂಗಳೂರು ಕಡೆಯಷ್ಟು ತುಕ್ಕಿಗೆ ತಿನ್ನಿಸಿಕೊಳ್ಳುವುದಿಲ್ಲ, ಅದು ಪುಣ್ಯ. ಆದರೆ ನಿಮ್ಮದು ಕೊಟ್ಟಿಗೆಯಲ್ಲಿದೆ. ಗಂಜಲದ ತೇವ ಕೆಳಗಿನಿಂದ ತಿನ್ನುತ್ತೆ. ಹೆರಾಲ್ಡ್‌ಗೆ ಬಾಡಿಯಿಂದ ಪ್ರತ್ಯೇಕವಾದ ಚಾಸಿ ಇದೆ, ಅದರ ಮೇಲೆ ಬಾಡಿಯನ್ನು ತುಂಡು ತುಂಡಾಗಿ ಬೋಲ್ಟ್ ಹಾಕಿ ಕೂರಿಸಿದ್ದಾರೆ. ಇದಕ್ಕೊಂದು ಕತೆ ಇದೆ. ಇಂಗ್ಲೆಂಡಿನಲ್ಲಿ ಈ ಕಾರು ತಯಾರಾಗುವ ಹೊತ್ತಿಗೆ, ಕಂಪನಿಗೆ ಬಾಡಿ ಒತ್ತಿಕೊಡುತ್ತಿದ್ದ ಕಾರ್ಖಾನೆ ಎದುರಾಳಿ ಬಿಎಂಸಿ ಕಂಪನಿಯ ಕೈ ಸೇರಿತ್ತು. ಹಾಗಾಗಿ ಸಣ್ಣ ಸಣ್ಣ ತುಂಡುಗಳನ್ನು ಬೇರೆ ಬೇರೆ ಕಡೆ ಮಾಡಿಸಿ ಜೋಡಿಸಬೇಕಾಯಿತು. ಇಟಲಿಯ ವಿನ್ಯಾಸಕಾರ ಮಿಕೆಲೊಟ್ಟಿ ರೂಪ ಕೊಟ್ಟ ಆ ಕಾರು 1959ರಲ್ಲಿ ಅಲ್ಲಿ ಟ್ರಯಂಫ್ ಹೆರಾಲ್ಡ್ ಅಂತ ಬಂತು, 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ ಮಾಡಿತು. ಅವರ ಅಂದಿನ ಕಷ್ಟ ಇವತ್ತು ನಮಗೆ ಲಾಭ. ಒಂದು ಕಡೆ ತುಕ್ಕು ಹಿಡಿದರೆ ಅದೊಂದನ್ನೇ ಬಿಚ್ಚಬಹುದು. ಮುಂದಿನ ಬಾನೆಟ್ ಅಂತೂ ಮಡ್‌ಗಾರ್ಡ್ ಸಮೇತ ಪೂರ್ತಿ ಮುಂದಕ್ಕೆ ಏಳುತ್ತೆ. ಟೈರಿನ ಮೇಲೆ ಕೂತು ಇಂಜಿನ್ ಕೆಲಸ ಮಾಡಬಹುದು.

ನೀವು ನೋಡಬೇಕಾದ್ದು ಚಾಸಿಯಿಂದ ಅಕ್ಕಪಕ್ಕಕ್ಕೆ ಚಾಚಿರುವ ಕೈಗಳನ್ನು. ಬಾಡಿಯ ಅಂಚು ಅವುಗಳ ಮೇಲೇ ಕೂತಿರುತ್ತೆ. ಸ್ಕ್ರೂಡ್ರೈವರ್ ಹಿಡಿಯಿಂದ ಬಡಿಯಿರಿ. ಟಣ್ ಅಂದರೆ ಸರಿ, ಮಂಡಕ್ಕಿ ಚೀಲಕ್ಕೆ ಗುದ್ದಿದ ಹಾಗೆ ಅಂದರೆ ವೆಲ್ಡಿಂಗ್ ಕಾದಿದೆ. ಜೇಬಿನಲ್ಲಿ ಒಂದು ಆಯಸ್ಕಾಂತ ಇರಲಿ. ಅದು ಅಂಟದ ಕಡೆ ಇರುವುದು ತಗಡಲ್ಲ, ಪುಟ್ಟಿ.

ಇನ್ನೊಂದು ಮಾತು, ನಿಮ್ಮ ಕಾರಿಗೇ ಸಂಬಂಧಿಸಿದ್ದು. ನಾಲ್ಕು ಬಾಗಿಲಿನ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಬರಲೇ ಇಲ್ಲ. ಅದು ನಮ್ಮ ದೇಶದಲ್ಲಿ ಮಾತ್ರ ಆದದ್ದು. ಇಂಜಿನ್, ಬ್ರೇಕ್, ಸಸ್ಪೆನ್ಷನ್ ಸಾಮಾನು ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆಸರಿನಲ್ಲಿ ಇವತ್ತಿಗೂ ಹೊಸದಾಗಿ ಸಿಗುತ್ತೆ. ಹಿಂದಿನ ಬಾಗಿಲಿನ ಗಾಜು, ಹಿಡಿ, ಬೀಡಿಂಗ್ ಮಾತ್ರ ಅಲ್ಲಿ ಹುಟ್ಟಲ್ಲ. ಚೆನ್ನೈನ ಪುದುಪೇಟೆಯಂಥ ಕಡೆ ಗುಜರಿ ಕೆದಕಬೇಕು. ಅದಕ್ಕೇ ಹಿಂದಿನ ಬಾಗಿಲಿನ ಒಂದು ಸ್ಕ್ರೂ ಕೂಡ ಎಸೆಯಬೇಡಿ. ಮುರಿದಿದ್ದರೂ ಇಟ್ಟುಕೊಳ್ಳಿ, ನೋಡಿ ಮಾಡಲು ನಮೂನೆಯಾದರೂ ಬೇಕಲ್ವಾ.

ಈಗ ನನ್ನ ಮೂರ್ಖತನ ಹೇಳಿಕೊಳ್ಳುತ್ತೇನೆ. ಕಾರು ತಂದ ಮೊದಲ ಎರಡು ವಾರದಲ್ಲಿ ಉತ್ಸಾಹಕ್ಕೆ ಇಡೀ ಕಾರು ಬಿಚ್ಚಿ ಹಾಕಿದೆ. ನಟ್ಟು ಬೋಲ್ಟುಗಳನ್ನೆಲ್ಲ ಮಂಡಕ್ಕಿ ತಂದ ಕವರ್‌ಗಳಿಗೆ ತುಂಬಿ ಅಟ್ಟಕ್ಕೆ ಹಾಕಿದೆ. ಹದಿನೇಳು ಕವರ್. ಒಂದರ ಮೇಲೂ ಹೆಸರಿಲ್ಲ. ಎಂಟು ತಿಂಗಳಾದ ಮೇಲೆ ತೆಗೆದರೆ ಯಾವುದು ಬಾಗಿಲ ಕೀಲಿನದು, ಯಾವುದು ರೇಡಿಯೇಟರಿನದು, ದೇವರಿಗೇ ಗೊತ್ತು. ಸಾಲದ್ದಕ್ಕೆ ಈ ಕಾರಿನ ನಟ್ಟುಗಳು ಇಂಚಿನ ಲೆಕ್ಕದವು. ನಮ್ಮ ಹದಿಮೂರರ ಸ್ಪ್ಯಾನರ್ ಅರ್ಧ ಇಂಚಿನ ನಟ್ಟಿಗೆ ಕೂತ ಹಾಗೇ ಕಾಣುತ್ತೆ, ಜೋರು ಕೊಟ್ಟ ಕೂಡಲೇ ಮೂಲೆ ಸವರಿ ಹೋಗುತ್ತೆ. ಹಾಗೆ ಹತ್ತಾರು ನಟ್ಟು ಹಾಳು ಮಾಡಿಕೊಂಡೆ. 7/16, 1/2, 9/16 ಇಂಚಿನ ಸ್ಪ್ಯಾನರ್ ಮೊದಲು ತಗೊಳ್ಳಿ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ, ಅದು ಮುಗಿದ ಮೇಲೆ ಮುಂದಿನದು.

ಶುರು ಮಾಡುವುದು ಬ್ರೇಕ್‌ನಿಂದ. ಎಲ್ಲರೂ ಇಂಜಿನ್ ಸದ್ದು ಕೇಳುವ ಆಸೆಗೆ ಇಂಜಿನ್ನಿಗೆ ಕೈ ಹಾಕುತ್ತಾರೆ. ಇಂಜಿನ್ ಶುರುವಾದರೆ ಸುಮ್ನೆ ನಿಲ್ಲಿಸಿಕೊಂಡು ಕೂರಲು ಯಾರಿಂದಲೂ ಆಗಲ್ಲ, ಒಂದು ಸುತ್ತು ಹೋಗಿ ಬರೋಣ ಅನ್ನಿಸುತ್ತೆ. ಅಷ್ಟರಲ್ಲಿ ಬ್ರೇಕ್ ಇರಬೇಕು. ಇಪ್ಪತ್ತೈದು ವರ್ಷ ನಿಂತ ಗಾಡಿಯ ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ರಬ್ಬರ್‌ಗಳು ಗಟ್ಟಿಯಾಗಿರುತ್ತವೆ. ಪೈಪ್, ಹೋಸ್ ಎಲ್ಲ ಹೊಸದೇ ಹಾಕಿ. ಇದರಲ್ಲಿ ಉಳಿತಾಯ ಬೇಡ.

ಇಂಜಿನ್ 948 ಸಿಸಿಯದು. ತಿರುಗದೆ ಜಾಮ್ ಆಗಿದ್ದರೆ ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಸಬೇಡಿ. ಹಳ್ಳಿಯಲ್ಲಿ ಯಾರಾದರೂ ಈ ಸಲಹೆ ಕೊಟ್ಟೇ ಕೊಡುತ್ತಾರೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಸ್ವಲ್ಪ ಡೀಸೆಲ್ ಮತ್ತು ಇಂಜಿನ್ ಆಯಿಲ್ ಬೆರೆಸಿ ಹಾಕಿ ಒಂದು ವಾರ ಬಿಡಿ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ನಂದು ಹನ್ನೊಂದನೇ ದಿನ ಬಿಟ್ಟುಕೊಂಡಿತು. ಟ್ಯಾಂಕಿನಲ್ಲಿರುವ ಹಳೇ ಪೆಟ್ರೋಲ್ ಅಂಟಾಗಿರುತ್ತೆ, ಅದನ್ನು ಇಳಿಸಿ ಟ್ಯಾಂಕ್ ತೊಳೆಸಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ಹಾಳು ಮಾಡುತ್ತೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್ ಅದಕ್ಕೆ ತಡೆಯುವಂಥದ್ದೇ ಹಾಕಿಸಿ. ವೈರಿಂಗ್ ಇಲಿ ತಿಂದಿರುತ್ತೆ. ಬ್ಯಾಟರಿ ಕಟ್ಟುವ ಮುಂಚೆ ಕಾರಿನ ತಗಡಿಗೆ ಬ್ಯಾಟರಿಯ ಪ್ಲಸ್ ಬಂದಿದೆಯಾ ಮೈನಸ್ ಬಂದಿದೆಯಾ ನೋಡಿ. ಹಳೇ ಬ್ರಿಟಿಷ್ ನಮೂನೆಯ ಕಾರುಗಳಲ್ಲಿ ಪ್ಲಸ್ ಅರ್ತ್ ಇರುತ್ತಿತ್ತು. ಇದು ನನ್ನ ಕಸುಬು, ಬೇಕಾದರೆ ಫೋಟೋ ಹಾಕಿ, ಹೇಳುತ್ತೇನೆ.

ಈಗ ಮುಖ್ಯವಾದ ವಿಷಯ. ಇದೊಂದನ್ನು ಮರೆಯಬೇಡಿ.

ಹೆರಾಲ್ಡ್‌ನ ಮುಂದಿನ ಚಕ್ರ ತಿರುಗುವುದು ಕೆಳಗಡೆ ಒಂದು ಹಿತ್ತಾಳೆ ಗಟ್ಟಿಯ ಮೇಲೆ. ಅದಕ್ಕೆ ಟ್ರನಿಯನ್ ಅನ್ನುತ್ತಾರೆ. ಉಕ್ಕಿನ ಕಡ್ಡಿಯ ಕೆಳತುದಿಗೆ ಥ್ರೆಡ್ ಇದೆ, ಅದು ಈ ಹಿತ್ತಾಳೆಯೊಳಗೆ ಕೂತಿರುತ್ತೆ. ಸ್ಟೇರಿಂಗ್ ತಿರುಗಿಸಿದಾಗೆಲ್ಲ ಕಡ್ಡಿ ಆ ಥ್ರೆಡ್‌ನಲ್ಲೇ ತಿರುಗುತ್ತೆ. ಅಲ್ಲಿ ಗೇರ್ ಆಯಿಲ್ ಇರಬೇಕು, 90 ನಂಬರಿನದು. ಗ್ರೀಸ್ ಅಲ್ಲ. ನನಗೆ ಇದು ಗೊತ್ತಿರಲಿಲ್ಲ. ಸರ್ವಿಸ್‌ಗೆ ಬಿಟ್ಟ ಕಡೆ ಗ್ರೀಸ್ ಹೊಡೆಯುವ ನಿಪ್ಪಲ್ ಕಂಡಿತು ಅಂತ ಹುಡುಗ ಗ್ರೀಸ್ ಹೊಡೆದಿದ್ದ.

ಹೆರಾಲ್ಡ್‌ನ ದೊಡ್ಡ ಜಂಬ ಅಂದರೆ ಅದು ತಿರುಗುವ ರೀತಿ. 25 ಅಡಿಯಲ್ಲಿ ಪೂರ್ತಿ ತಿರುಗುತ್ತೆ, ಆಟೋದವರು ನೋಡಬೇಕು ಹಾಗೆ. ಹದಡಿ ರಸ್ತೆಯಲ್ಲಿ ಒಂದು ಸಂಜೆ ಸ್ನೇಹಿತನಿಗೆ ಅದನ್ನೇ ತೋರಿಸಲು ಹೋಗಿ ಸ್ಟೇರಿಂಗ್ ಪೂರ್ತಿ ತಿರುಗಿಸಿದೆ. ಟಕ್ ಅಂತು. ಕಾರಿನ ಎಡ ಮೂಲೆ ಮಂಡಿ ಊರಿದ ಎತ್ತಿನ ಹಾಗೆ ಕೆಳಗೆ ಕೂತಿತು. ಇಳಿದು ನೋಡಿದರೆ ಚಕ್ರ ಮಡಚಿಕೊಂಡು ಮಡ್‌ಗಾರ್ಡ್ ಒಳಗೆ ಸೇರಿತ್ತು. ನಡೆಯುವ ವೇಗದಲ್ಲಿದ್ದೆ, ಬದುಕಿದೆ. ಹಿಂದಿನ ವಾರ ಅದೇ ಕಾರಿನಲ್ಲಿ ಹೈವೇ ಹತ್ತಿ ಚಿತ್ರದುರ್ಗಕ್ಕೆ ಹೋಗಿ ಬಂದಿದ್ದೆ.

ಮುರಿದ ತುಂಡನ್ನು ಹರಿಹರಕ್ಕೆ ಒಬ್ಬ ಅಜ್ಜನ ಹತ್ತಿರ ಒಯ್ದೆ. ಹರಿಹರದಲ್ಲಿ 1941ರಿಂದ ಕಿರ್ಲೋಸ್ಕರ್ ಲೇತ್ ಫ್ಯಾಕ್ಟರಿ ಇತ್ತಲ್ಲ, ಅಲ್ಲಿ ದುಡಿದ ಕೈ ಅವರದು. ಫ್ಯಾಕ್ಟರಿ ಮುಚ್ಚಿದ ಮೇಲೆ ಮನೆ ಹಿಂದೆ ಶೆಡ್ ಹಾಕಿ ಒಂದು ಹಳೇ ಲೇತ್ ಇಟ್ಟುಕೊಂಡಿದ್ದಾರೆ. ಅವರು ಕನ್ನಡಕ ಏರಿಸಿ, ಥ್ರೆಡ್ ಸಂದಿಯಿಂದ ಗ್ರೀಸ್ ಉಗುರಲ್ಲಿ ಕೆರೆದು ತೆಗೆದರು. ಮೇಣದ ಹಾಗೆ ಗಟ್ಟಿಯಾಗಿತ್ತು, ಅದರ ಕೆಳಗೆ ಕೆಂಪು ತುಕ್ಕು. "ನೀರು ಒಳಗ ಹೋಗೇತಿ, ಎಣ್ಣಿ ಹೋಗಿಲ್ಲ. ಕಬ್ಬಣ ಏನ್ ಮಾಡ್ಬೇಕಪಾ?" ಅಂದರು. ಆ ಕಡ್ಡಿಯನ್ನು ಮಾತ್ರ ತಾವು ಮಾಡಿಕೊಡಲ್ಲ ಅಂದರು. "ಇದು ಜೀವದ ಸಾಮಾನು, ಕಂಪನಿದೇ ತರ್ಸು." ತರಿಸಿದೆ, ಎರಡು ಕಡೆಯದೂ. ಎಡದ್ದು ಬಲದ್ದು ಒಂದೇ ಅಲ್ಲ, ಥ್ರೆಡ್ ಉಲ್ಟಾ ಇರುತ್ತೆ, ತರಿಸುವಾಗ ನೋಡಿಕೊಳ್ಳಿ. ಈಗ ಆರು ತಿಂಗಳಿಗೊಮ್ಮೆ ಗ್ರೀಸ್ ಗನ್ನಿಗೇ 90 ಎಣ್ಣೆ ತುಂಬಿ ನಾನೇ ಹೊಡೆಯುತ್ತೇನೆ. ಅರ್ಧ ಎಣ್ಣೆ ಅಂಗಿ ಮೇಲೆ ಬೀಳುತ್ತೆ.

ಇದೇ ಅಜ್ಜ ಇಂಜಿನ್ನಿನ ಕ್ರ್ಯಾಂಕ್ ದಂಡದ ತುದಿಯ ಕ್ಲಚ್ ಬುಷ್ ಮಾತ್ರ ಗನ್‌ಮೆಟಲ್‌ನಲ್ಲಿ ಕಡೆದುಕೊಟ್ಟರು. ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟ ಮೈಕ್ರೋಮೀಟರ್ ತೆಗೆದು ಮೂರು ಸಲ ಅಳೆದರು. 300 ರೂಪಾಯಿ ಇಸ್ಕೊಂಡರು, ಅದೂ ನಾನು ಜುಲುಮೆ ಮಾಡಿದ ಮೇಲೆ. ಯಾವುದನ್ನು ಮಾಡಬಹುದು, ಯಾವುದನ್ನು ಮಾಡಬಾರದು ಅಂತ ಗೊತ್ತಿರುವ ಕೈ ಅದು. ನೀವು ಕೇಳಿದ "ಬಲ್ಲವರು ಯಾರು" ಅನ್ನುವುದಕ್ಕೆ ನನ್ನ ಉತ್ತರ ಇದೇ. ಸಾಮಾನು ಇವತ್ತಲ್ಲ ನಾಳೆ ಕೊರಿಯರ್‌ನಲ್ಲಿ ಬರುತ್ತೆ. ಈ ಕೈಗಳಿಗೆ ಎಪ್ಪತ್ತು ದಾಟಿದೆ. ಗ್ಯಾಸ್ ಟಾರ್ಚ್ ಹಿಡಿದು, ಪುಟ್ಟಿ ಇಲ್ಲದೆ ಸುತ್ತಿಗೆಯಲ್ಲೇ ತಗಡು ಎಬ್ಬಿಸುವ ಟಿಂಕರ್ ನನಗೆ ಸಿಕ್ಕಿದ್ದು ಒಬ್ಬರೇ. ಅವರ ಮಗ ಇನ್ಶೂರೆನ್ಸ್ ಕೆಲಸಕ್ಕೆ ಬಾಗಿಲನ್ನೇ ಬದಲಾಯಿಸುತ್ತಾನೆ, ತಪ್ಪೇನಿಲ್ಲ, ಅದರಲ್ಲಿ ದುಡ್ಡಿದೆ. ನೀವು ಚಿತ್ರದುರ್ಗದಲ್ಲಿ ಲಾರಿ ಕೆಲಸ ಮಾಡುವ ಹಳಬರನ್ನು ವಿಚಾರಿಸಿ. ಹೈವೇ ಊರು, ಇದ್ದೇ ಇರುತ್ತಾರೆ. ಕಾರಿನ ಫೋಟೋ ತೋರಿಸಿ, ಮುಖ ನೋಡಿ. ಕಣ್ಣು ಅರಳಿದವರ ಹತ್ತಿರ ಬಿಡಿ, ರೇಟ್ ಹೇಳಿದವರ ಹತ್ತಿರ ಅಲ್ಲ.

ಖರ್ಚು. ಕಾರಿಗೆ 45 ಸಾವಿರ ಕೊಟ್ಟಿದ್ದೆ. ಟಿಂಕರಿಂಗ್, ಪೇಂಟಿಂಗ್ ಸೇರಿ ಒಂದು ಲಕ್ಷ ನಲವತ್ತು ಸಾವಿರ. ಇಂಜಿನ್ ಬೋರಿಂಗ್, ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್‌ಗೆ 70 ಸಾವಿರದ ಹತ್ತಿರ. ಇಂಗ್ಲೆಂಡಿನಿಂದ ತರಿಸಿದ್ದಕ್ಕೆ ಸಾಮಾನಿನ ಬೆಲೆಗಿಂತ ಸಾಗಣೆ, ಸುಂಕವೇ ಜಾಸ್ತಿ ಅನ್ನಿಸಿತು. ಕುಷನ್, ರಬ್ಬರ್, ಕಾಗದಪತ್ರ ಎಲ್ಲ ಸೇರಿ ನಾಲ್ಕೂವರೆ ಲಕ್ಷ ದಾಟಿತು. ಮನೆಯಲ್ಲಿ ಹೇಳಿದ್ದು ಮೂರು. ಟೈರ್ ಚಿಂತೆ ಮಾಡಬೇಡಿ, ಹಳೇ ವ್ಯಾಗನ್‌ಆರ್‌ನ 145/80 ಆರ್ 13 ಕೂರುತ್ತೆ. ಮಾರಿದರೆ ಹಾಕಿದ್ದು ಬರುತ್ತಾ ಅಂತ ಕೇಳಬೇಡಿ, ಬರಲ್ಲ. ನಿಮ್ಮ ಕೈಯಲ್ಲಿ ತಿಂಗಳಿಗೆ ಎಂಟು ಹತ್ತು ಸಾವಿರ ಮಿಗುತ್ತಿದ್ದರೆ ಮೂರ್ನಾಲ್ಕು ವರ್ಷದ ಲೆಕ್ಕ ಇಟ್ಟುಕೊಳ್ಳಿ. ಸಾಲ ಮಾಡಿ ಮಾತ್ರ ಬೇಡ.

ಬಣ್ಣ ಕೊನೆಗೆ. ಮೆಟಾಲಿಕ್ ಕೆಂಪು, ಅಲಾಯ್ ವೀಲ್ ಹಾಕಿಸಬೇಕು ಅಂತ ನಿಮ್ಮ ಅಳಿಯ ಹೇಳಿದ್ದಾರೆ ಅಂತ ಬರೆದಿದ್ದೀರಿ. ಅಳಿಯಂದಿರ ಮಾತು ತೆಗೆದುಹಾಕುವುದು ಕಷ್ಟ. ಆದರೂ ಡ್ಯಾಶ್‌ಬೋರ್ಡ್ ಕೆಳಗೆ, ಬಾಗಿಲ ಪ್ಯಾಡ್ ಹಿಂದೆ ಮೂಲ ಬಣ್ಣ ಉಳಿದಿರುತ್ತೆ. ಅದನ್ನು ಪೇಂಟ್ ಅಂಗಡಿಯಲ್ಲಿ ಹೊಂದಿಸಿ ಬೆರೆಸಿಕೊಡುತ್ತಾರೆ. ಯಾವಾಗಲಾದರೂ ಧರ್ಮಸ್ಥಳಕ್ಕೆ ಹೋದರೆ ಅಲ್ಲಿನ ಹಳೇ ಕಾರುಗಳ ಸಂಗ್ರಹದಲ್ಲಿ ಒಂದು ಗಂಟೆ ನಿಲ್ಲಿ, ಅಳಿಯನನ್ನೂ ಕರೆದುಕೊಂಡು ಹೋಗಿ.

ಸದ್ಯಕ್ಕೆ ಮೂರು ಫೋಟೋ ಹಾಕಿ: ಚಾಸಿ ನಂಬರಿನ ಪ್ಲೇಟು, ಚಾಲಕನ ಸೀಟಿನ ಕೆಳಗಿನ ತಗಡು, ಹಿಂದಿನ ಎರಡು ಬಾಗಿಲು. ಆ ಎರಡು ಬಾಗಿಲಿನ ಗಾಜು ಸರಿಯಿದ್ದರೆ ಗುಜರಿಯವನಿಗೆ ಇವತ್ತೇ ಫೋನ್ ಮಾಡಿ ಬರಬೇಡ ಅಂತ ಹೇಳಿಬಿಡಿ.